ನಲವತ್ತು ದಿನದ ಮುಯ್ಯಿ

"ಕಾಕು, ನಿಮ್ಮ ಧಂದೆದ ಮಾಲೀಕರು ಯಾರ್ರಿ? ಒಂದು ಹೆಸರು ಹೇಳ್ರಿ ಸಾಕು" ಎಂದು ಉಮಾನಾಥ ಮೂರನೇ ಸಲ ಕೇಳಿದ.

"ಕಿವಿ ಕೇಳಸಲ್ಲೇನಪಾ ನಿನಗ? ಇಬ್ಬರು ಅಂದೆ. ನಾನು, ಸಕ್ರವ್ವ" ಎಂದಳು ನಾಗಮ್ಮ.

ಪಕ್ಕದಲ್ಲಿದ್ದ ಮಗ ರವಿಕಾಂತ ಹಣೆ ಚಚ್ಚಿಕೊಂಡ. ಚಚ್ಚಿಕೊಳ್ಳದೆ ಏನು ಮಾಡಿಯಾನು ಪಾಪ! ದೊಡ್ಡ ಕ್ಯಾಂಟೀನ್ ಗುತ್ತಿಗೆದಾರನೊಬ್ಬ ಸಂಭಾಜಿನಗರದ ಚಿಕಲಠಾಣಾಕ್ಕೂ ನಾಶಿಕದ ಸಾತಪುರಕ್ಕೂ ದಿನಾ ಕಡಕ ರೊಟ್ಟಿ, ನೆಂಜಿಕೊಳ್ಳಲು ಶೇಂಗಾ ಹಿಂಡಿ ಬೇಕು ಎಂದು ಕೇಳಿದ್ದ. ನಾಗಮ್ಮನ ಕೈ ರುಚಿ ಅವನಿಗೆ ಹಿಡಿಸಿತ್ತು. ಆದರೆ ಕೈ ರುಚಿ ಬಿಲ್ಲು ಬರೆದು ಕೊಟ್ಟೀತೇ? ಹೆಸರು, ನೋಂದಣಿ, ಬ್ಯಾಂಕಿನ ಖಾತೆ ಎಲ್ಲ ಇರುವ ಸಂಸ್ಥೆ ಬೇಕೆಂದಿದ್ದ. ಅದಕ್ಕೇ ತಾಯಿ ಮಗ ಇಬ್ಬರೂ ತಮ್ಮಂತೆಯೇ ಭಾಲ್ಕಿ ಕಡೆಯವನಾದ ಲೆಕ್ಕಪರಿಶೋಧಕ ಉಮಾನಾಥನ ಆಫೀಸಿಗೆ ಬಂದು ಕೂತಿದ್ದರು.

ಉಮಾನಾಥ ತಾಳ್ಮೆಯ ಮನುಷ್ಯ. ಹಳೆಯ ಲಗ್ನಪತ್ರಿಕೆಯೊಂದರ ಬೆನ್ನ ಮೇಲೆ ಗೆರೆ ಎಳೆದು ತಿಳಿಸಿ ಹೇಳಿದ. ಒಬ್ಬರೇ ಮಾಲೀಕರಾದರೆ ಕಾಗದ ಕಡಿಮೆ, ಕೆಲಸ ಬೇಗ. ಇಬ್ಬರು ಸೇರಿ ಪಾಲುದಾರಿಕೆ ಮಾಡಿದರೆ ಒಬ್ಬರ ತಪ್ಪು ಇನ್ನೊಬ್ಬರ ಮನೆ ಬಾಗಿಲಿಗೂ ಬರುತ್ತದೆ. ಕಂಪನಿ ಅಂದರೆ ವರ್ಷವಿಡೀ ಸಭೆ, ಠರಾವು. ಇವುಗಳ ನಡುವೆ ಎಲ್ಎಲ್‌ಪಿ ಎಂದು ಒಂದಿದೆ. ಅದೂ ಪಾಲುದಾರಿಕೆಯೇ, ಆದರೆ ಧಂದೆ ಮುಳುಗಿದರೆ ಹಾಕಿದ್ದಷ್ಟೇ ಹೋಗುತ್ತದೆ, ಮನೆ ಮಠ ಉಳಿಯುತ್ತವೆ.

"ಅವ್ವಾ, ಇಷ್ಟ್ಯಾಕ ತಲಿ ಕೆಡಿಸ್ಕೋತಿ?" ಎಂದ ರವಿಕಾಂತ. "ನಿನ್ನ ಒಬ್ಬಾಕಿ ಹೆಸರಿಲೆ ಮಾಡೂಣು. ಎರಡು ದಿನದ ಕೆಲಸ. ಸಕ್ರವ್ವ ಮೌಸಿ ನಾಶಿಕದಾಗ ರೊಟ್ಟಿ ಮಾಡ್ಲಿ, ಆಕಿಗಿ ಪಗಾರ ಕೊಡೂಣು. ಚಲೋ ಪಗಾರ, ಬಸ್!"

ಪಗಾರ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಾಗಮ್ಮ ಮಗನಿಂದ ಮುಖ ತಿರುಗಿಸಿದಳು. ಹನ್ನೊಂದು ವರ್ಷದ ಹಳೆಯ ನಾಚಿಕೆ ಅದು, ಮಗನಿಗೆ ಗೊತ್ತಿರಲಿಲ್ಲ. ಅವಳು ಸೆರಗು ಸರಿಮಾಡಿಕೊಂಡು ಕಿಟಕಿಯಾಚೆ ನೋಡುತ್ತ ಕೂತಳು.

ಮೂವತ್ತೊಂದು ವರ್ಷದ ಹಿಂದೆ ಚಿಕಲಠಾಣಾದ ಆ ಓಣಿಯಲ್ಲಿ ತಗಡಿನ ಮಾಡಿನ ಹತ್ತು ಖೋಲಿಗಳಿದ್ದವು. ಒಂದರಲ್ಲಿ ನಾಗಮ್ಮ, ಕಾರ್ಖಾನೆಯ ಕಾರಕೂನ ಗಂಡ ಮನ್ಮಥಪ್ಪ, ನಾಲ್ಕು ವರ್ಷದ ರವಿಕಾಂತ. ಪಕ್ಕದ ಖೋಲಿಗೆ ಒಂದು ದಿನ ಚಿಂಚೋಳಿ ಕಡೆಯಿಂದ ಸಕ್ರವ್ವ, ಅವಳ ಗಂಡ ತುಕಾರಾಮ ಬಂದರು. ಅವನು ಕಟ್ಟಡದ ಬುನಾದಿ ತೋಡುವವನು. ಗಂಟು ಬಿಚ್ಚಿದಾಗ ಸಕ್ರವ್ವನ ಸಾಮಾನಿನಲ್ಲಿ ಇದ್ದದ್ದು ಎರಡು ಕೌದಿ ಮತ್ತು ಇಷ್ಟಗಲದ ಒಂದು ಕಬ್ಬಿಣದ ಹಂಚು. ಊರಿನಿಂದ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದಳಂತೆ ಮಹಾರಾಯಿತಿ!

"ಅಕ್ಕಾ, ಒಲಿ ನಿಂದು, ಹಂಚು ನಂದು, ನಡಿತದೇನು?" ಎಂದು ಕೇಳಿದ್ದಳು. ಅಷ್ಟೇ ಕರಾರು. ಒಲೆಯ ಮುಂದೆ ಆದದ್ದು, ಯಾವ ಕಾಗದವೂ ಇರಲಿಲ್ಲ.

ಬೀದರ, ಕಲಬುರಗಿ ಕಡೆಯ ಒಂಟಿ ಹುಡುಗರು ಆಗ ಕಾರ್ಖಾನೆಗಳಲ್ಲಿ ತುಂಬಿದ್ದರು. ಚಪಾತಿ ತಿಂದು ತಿಂದು ನಾಲಗೆ ಸತ್ತಿದೆ ಎಂದು ಗೋಳಾಡುತ್ತಿದ್ದರು. ನಾಗಮ್ಮನಿಗೆ ಇಪ್ಪತ್ತು ಊಟದ ಡಬ್ಬಿಗಳ ಗಿರಾಕಿ, ಸಕ್ರವ್ವನಿಗೆ ಕಟ್ಟಡದ ಕೂಲಿಯವರು ಇಪ್ಪತ್ತು ಜನ. ಒಬ್ಬಳೇ ಅಷ್ಟು ರೊಟ್ಟಿ ಬಡಿದು ಸುಡುವುದು ಆಗದ ಮಾತು. ಊರಲ್ಲಿ ಹೊಲದ ಕೆಲಸಕ್ಕೆ ಮುಯ್ಯಿ ಮಾಡುವ ಹಾಗೆ ಇಲ್ಲಿ ಒಲೆಗೆ ಮಾಡಿಕೊಂಡರು. ಇವತ್ತು ನಿನ್ನ ಡಬ್ಬಿಗೆ ನಾನು ಬರುತ್ತೇನೆ, ನಾಳೆ ನನ್ನದಕ್ಕೆ ನೀನು ಬಾ. ಆಳಿಗೆ ಆಳು, ದಿನಕ್ಕೆ ದಿನ. ಮುಯ್ಯಿಯ ನಡುವೆ ಕೂಲಿಯ ಮಾತು ಬರುವಂತಿಲ್ಲ. ಬಂದರೆ ಅದು ಮುಯ್ಯಿ ಅಲ್ಲ, ಆಳುತನ.

ಎಂಥ ದಿನಗಳವು! ಒಬ್ಬಳು ಬಡಿದರೆ ಒಬ್ಬಳು ಸುಡುವುದು. ಪಟಪಟ ಸದ್ದು ಕೇಳಿಯೇ ಓಣಿ ಏಳುತ್ತಿತ್ತು. ಕೈ ಕೆಲಸದಲ್ಲಿದ್ದರೂ ಬಾಯಿಗೆ ಬಿಡುವೆಲ್ಲಿ? ಅತ್ತೆಯರನ್ನು ಬೈದುಕೊಂಡು, ತವರನ್ನು ನೆನೆದುಕೊಂಡು, ನಕ್ಕು ನಕ್ಕು ರೊಟ್ಟಿ ಹೊತ್ತಿಸಿಕೊಂಡು ಇಪ್ಪತ್ತು ವರ್ಷ ಕಳೆದವು. ಕಲಸುವ ಪರಾತದ ಹಿಟ್ಟಿನಲ್ಲಿ ಬೆರಳಾಡಿಸಿ ನಾಗಮ್ಮ ಸಕ್ರವ್ವನಿಗೆ ಹೆಸರು ಬರೆಯಲು ಕಲಿಸಿದ್ದೂ ಅಲ್ಲೇ. ಬರೆದ ಹೆಸರನ್ನೇ ನೀರು ಹಾಕಿ ಕಲಸಿ ರೊಟ್ಟಿ ಮಾಡಿ, "ನನ್ನ ಹೆಸರು ಯಾವನು ತಿಂದನೋ ಏನೋ" ಎಂದು ಸಕ್ರವ್ವ ಬಿದ್ದು ಬಿದ್ದು ನಗುತ್ತಿದ್ದಳು. ಧಂದೆಗೆ ಹೆಸರಿಟ್ಟವರು ಕಾರ್ಖಾನೆಯ ಹುಡುಗರು: ಅಕ್ಕಗೋಳ ರೊಟ್ಟಿ.

ಆಮೇಲೆ ಮನ್ಮಥಪ್ಪ ಮೋಟಾರ್ ಸೈಕಲ್ಲಿನಿಂದ ಬಿದ್ದು ಸೊಂಟ ಮುರಿದುಕೊಂಡ. ನಾಗಮ್ಮ ನಲವತ್ತು ದಿನ ದವಾಖಾನೆಯಲ್ಲೇ ಉಳಿದಳು. ಆ ನಲವತ್ತೂ ದಿನ ಸಕ್ರವ್ವ ಒಬ್ಬಳೇ ಇಬ್ಬರ ಡಬ್ಬಿ ಕಳಿಸಿದಳು. ನಾಗಮ್ಮನ ಒಂದು ಗಿರಾಕಿಯೂ ತಪ್ಪಲಿಲ್ಲ. ಮನೆಗೆ ಮರಳಿದ ಮೇಲೆ ನಾಗಮ್ಮ ಏನು ಮಾಡಬೇಕಿತ್ತು? ಸುಮ್ಮನೆ ಹೋಗಿ ನಲವತ್ತು ದಿನ ಹಂಚಿನ ಮುಂದೆ ಕೂರಬೇಕಿತ್ತು. ಅದು ಬಿಟ್ಟು ಎಂಟು ಐನೂರರ ನೋಟುಗಳನ್ನು ಲಕೋಟೆಯಲ್ಲಿ ಹಾಕಿ ಕೊಟ್ಟಳು. ಆಗಷ್ಟೇ ಸ್ವಂತ ಫ್ಲ್ಯಾಟು ಕೊಂಡಿದ್ದರು, ದೊಡ್ಡಸ್ತಿಕೆ ತಲೆಗೇರಿತ್ತು ಅಂತಲೇ ಹೇಳಬೇಕು. ಬಡವಿ, ಕೈಗೆ ನಾಲ್ಕು ಕಾಸು ಬರಲಿ ಎಂದುಕೊಂಡಳು.

ಸಕ್ರವ್ವ ಲಕೋಟೆ ನೋಡಿದಳು. ತಗೊಂಡಳು. "ಆತ್ರಿ ಅಮ್ಮಾರ" ಎಂದಳು. ಇಪ್ಪತ್ತು ವರ್ಷ ಅಕ್ಕಾ, ನೀನು ಎಂದ ಬಾಯಿ ಅದು. ಮೂರು ತಿಂಗಳಿಗೆ ಗಂಡನ ಜೊತೆ ನಾಶಿಕಕ್ಕೆ ಹೊರಟೇಹೋದಳು, ಹಂಚನ್ನೂ ತೊಡೆಯ ಮೇಲಿಟ್ಟುಕೊಂಡು. ಆಮೇಲೆ ತುಕಾರಾಮ ತೀರಿಕೊಂಡ ಸುದ್ದಿ ಬಂತು, ಮನ್ಮಥಪ್ಪನೂ ಹೋದ. ನಾಗಮ್ಮ ಒಮ್ಮೆಯೂ ನಾಶಿಕಕ್ಕೆ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗುವುದು?

"ಕಾಕು, ಎಲ್ಎಲ್‌ಪಿನೇ ಬೇಕಂದ್ರ ಇಬ್ಬರೂ ಬಂಡವಾಳ ಅಂತ ಏನಾರ ಹಾಕಬೇಕಾಗ್ತದ್ರಿ" ಎಂಬ ಉಮಾನಾಥನ ದನಿ ಅವಳನ್ನು ಎಳೆದು ತಂದಿತು.

"ಆಕಿ ಹತ್ತರ ಏನದ ಹಾಕಲಿಕ್ಕ?" ಎಂದ ರವಿಕಾಂತ.

"ರೊಕ್ಕನೇ ಆಗಬೇಕಂತಿಲ್ಲ. ಸಾಮಾನು ಆದ್ರೂ ನಡಿತದ. ಮಾಡಿದ ಕೆಲಸ, ಮುಂದ ಮಾಡೂ ಕೆಲಸ, ಅದನ್ನೂ ಬೆಲೆ ಕಟ್ಟಿಸಿ ಕರಾರಿನಾಗ ಬರೀಬಹುದು."

ನಾಗಮ್ಮ ನೆಟ್ಟಗೆ ಕೂತಳು. "ಮಾಡಿದ ಕೆಲಸಾನೂ ನಡಿತದಂತಿ?"

"ನಡಿತದ್ರಿ."

"ಹಂಗಾರ ಅದನ್ನೇ ಮಾಡು. ಇಬ್ಬರದೂ ಸರಿ ಪಾಲು. ಹೆಸರು ಅಕ್ಕಗೋಳ ರೊಟ್ಟಿ." ಮಗನ ಕಡೆ ತಿರುಗಿ, "ನೀ ಸುಮ್ಮ ಕುಂದ್ರು" ಎಂದಳು. ಅವನಿನ್ನೂ ಬಾಯಿ ತೆರೆದಿರಲಿಲ್ಲ.

ಉಮಾನಾಥ ಹೆಸರು ಕಾಯ್ದಿರಿಸಿದ. ಮೂರು ತಿಂಗಳ ಮುದ್ದತು, ಅಷ್ಟರೊಳಗೆ ಇಬ್ಬರ ಸಹಿ ಆಗಬೇಕು ಎಂದ. ಮರುದಿನವೇ ನಾಗಮ್ಮ ಒಬ್ಬಳೇ ನಾಶಿಕದ ಬಸ್ಸು ಹತ್ತಿದಳು. ವೈಜಾಪುರ ದಾಟಿತು, ಯೇವಲೆ ದಾಟಿತು, ಅವಳು ಮಾತ್ರ ಹೇಳಬೇಕಾದ ಮಾತನ್ನು ಕಟ್ಟುತ್ತ, ಮುರಿಯುತ್ತ ಕೂತಿದ್ದಳು. ಆಕಿ ಒಲ್ಲೆ ಅಂದರೆ? ಅಂದರೆ ಗುತ್ತಿಗೆ ಹೋಗಲಿ ಹಾಳಾಗಿ, ಅವಳು ಹೊರಟದ್ದು ಗುತ್ತಿಗೆಗಲ್ಲ.

ಸಾತಪುರದ ಚಾಳಿನಲ್ಲಿ ಬಾಗಿಲು ತೆರೆದೇ ಇತ್ತು. ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದ ಮುದುಕಿ ತಲೆಯೆತ್ತಿದಳು. ಕೂದಲು ಪೂರಾ ಬೆಳ್ಳಗಾಗಿತ್ತು. ಹಂಚು ಮಾತ್ರ ಅದೇ, ಅಂಚಿನಲ್ಲಿ ಅದೇ ಹಳೆಯ ಸೀಳು.

"ಬರ್ರಿ ಅಮ್ಮಾರ. ಕುಂಡ್ರಿ" ಎಂದು ಸಕ್ರವ್ವ ಮಗಳು ಶಿವಗಂಗಾಳ ಕಡೆಯಿಂದ ಕುರ್ಚಿ ಹಾಕಿಸಿದಳು. ನಾಗಮ್ಮ ಕುರ್ಚಿ ಬಿಟ್ಟು ನೆಲಕ್ಕೆ ಕೂತಳು.

"ನಿಮ್ಮ ಮಗ ಫೋನ್ ಮಾಡಿದ್ದ್ರಿ" ಎಂದಳು ಸಕ್ರವ್ವ. "ಪಗಾರ ಕೊಡ್ತೀವಿ ಅಂದಾನ. ಚಲೋ ಆತ್ರಿ. ಹೇಳಿದಷ್ಟು ರೊಟ್ಟಿ ಮಾಡಿ ಕೊಡತೀನ್ರಿ."

ಅಯ್ಯೋ ಇವನ! ನಾಗಮ್ಮ ಮಗನನ್ನು ಮನಸ್ಸಿನಲ್ಲೇ ಬೈದಳು. "ಪಗಾರ ಅಲ್ಲ ಸಕ್ರವ್ವ, ಪಾಲು. ನಿನಗರ್ಧ, ನನಗರ್ಧ. ಧಂದೆ ಕೆಟ್ಟರೂ ನಿನ್ನ ಮನಿಗಿ ಯಾರೂ ಕೈ ಹಾಕಂಗಿಲ್ಲ, ಅಂಥಾದ್ದೇ ನೋಡಿ ಆರಿಸೀನಿ."

"ಪಾಲಿಗಿ ನಾ ಏನು ಹಾಕ್ಲಿರಿ?"

"ಆ ನಲವತ್ತು ದಿನ ಅದ ಅಲ್ಲಾ. ಮಾಡಿದ ಕೆಲಸಕ್ಕ ಬೆಲೆ ಕಟ್ಟಿ ಬರೀತಾರಂತ, ಕಾನೂನು ಅದ."

ಸಕ್ರವ್ವನ ಕೈ ನಿಂತಿತು. ಎದ್ದು ಹೋಗಿ ಟ್ರಂಕಿನ ತಳದಿಂದ ಒಂದು ಲಕೋಟೆ ತಂದು ನಾಗಮ್ಮನ ಮುಂದಿಟ್ಟಳು. ಅದೇ ಲಕೋಟೆ. ಒಳಗೆ ಅವೇ ಎಂಟು ಹಳೆಯ ನೋಟುಗಳು. ರದ್ದಾಗಿ ಎಷ್ಟೋ ವರ್ಷವಾಗಿತ್ತು.

"ಇದು ಆವತ್ತೂ ನಡೀಲಿಲ್ಲ, ಇವತ್ತೂ ನಡಿಯಂಗಿಲ್ಲ" ಎಂದಳು. "ತಗೊಳ್ಳಲಿಲ್ಲ ಅಂದ್ರ ನಿನಗ ಅವಮಾನ ಆಗತಿತ್ತು, ಅದಕ್ಕ ತಗೊಂಡೆ. ಖರ್ಚು ಮಾಡಿದ್ರ ನಾ ನಿನ್ನ ಆಳು ಆಗತಿದ್ದೆ, ಅದಕ್ಕ ಮಾಡಲಿಲ್ಲ. ಈಗ ಮತ್ತ ಬೆಲೆ ಕಟ್ಟಾಕ ಬಂದೀಯೇನು? ಒಮ್ಮೆ ಕಟ್ಟಿ ನೋಡಿದಿ, ಸಾಲಲಿಲ್ಲಾ?"

ನಾಗಮ್ಮನಿಗೆ ಆಗ ಹೊಳೆಯಿತು. ಬಸ್ಸಿನಲ್ಲಿ ಅಷ್ಟು ದೂರ ಕಟ್ಟಿಕೊಂಡು ಬಂದದ್ದು ಅದೇ ಹಳೆಯ ತಪ್ಪಾಗಿತ್ತು. ಲಕೋಟೆ ಹೋಗಿ ಕರಾರು ಬಂದಿತ್ತು, ಅಷ್ಟೇ. ಅವಳು ಅತ್ತಳು, ಮುಚ್ಚುಮರೆಯಿಲ್ಲದೆ ಅತ್ತಳು. "ತಪ್ಪಾತವ್ವ. ಆವತ್ತ ಬಂದು ಹಂಚಿನ ಮುಂದ ಕುಂದ್ರಬೇಕಿತ್ತು ನಾ. ಸೊಕ್ಕು ಬಂದಿತ್ತು ನನಗ."

ಹಂಚು ಕಾದು ಹೊಗೆ ಏಳುತ್ತಿತ್ತು. ನಾಗಮ್ಮ ಕಣ್ಣೊರೆಸಿಕೊಂಡು, ಬಳೆ ಮೇಲೇರಿಸಿ, ಪರಾತವನ್ನು ತನ್ನ ಕಡೆ ಎಳೆದುಕೊಂಡಳು.

"ಸರಿ ಆ ಕಡಿ. ಇವತ್ತಿಂದ ನಲವತ್ತು ದಿನ ನಾ ಬಡೀತೀನಿ. ಆಮ್ಯಾಲ ಸಹಿ ಮಾಡೂದು ಬಿಡೂದು ನಿನಗ ಬಿಟ್ಟದ್ದು."

"ಈ ವಯಸ್ಸಿನ್ಯಾಗ ನಿನ್ನ ಸೊಂಟ ಉಳಿತದೇನು?" ಎಂದಳು ಸಕ್ರವ್ವ. ಸರಿದು ಜಾಗ ಮಾತ್ರ ಕೊಟ್ಟಳು.

ರವಿಕಾಂತ ದಿನಾ ಫೋನ್ ಮಾಡಿದ. ಮೊದಲು ಸಿಟ್ಟಿನಿಂದ, ಆಮೇಲೆ ಗಾಬರಿಯಿಂದ, ಕೊನೆಗೆ ಸೋತು. ಒಂದಿಷ್ಟು ತಡವಾಗುತ್ತದೆ ಎಂದು ಗುತ್ತಿಗೆದಾರನನ್ನು ಅವನೇ ಒಪ್ಪಿಸಿದ. ಸಾತಪುರದಲ್ಲಿ, ನೆಲಕ್ಕೆ ಕೂತು ಬಡಿಯುವ ರೂಢಿ ತಪ್ಪಿ, ಮೊದಲ ವಾರ ನಾಗಮ್ಮನ ರೊಟ್ಟಿ ಅಂಚು ಒಡೆದವು, ಸಕ್ರವ್ವ ಹಂಗಿಸಿದಳು. ಎರಡನೇ ವಾರ ಕೈ ಪಳಗಿತು. ಮೂರನೇ ವಾರಕ್ಕೆ ಇಬ್ಬರೂ ಸತ್ತುಹೋದ ಅತ್ತೆಯರನ್ನು ಮತ್ತೆ ಬೈಯತೊಡಗಿದರು. ಶಿವಗಂಗಾ ತನ್ನ ಅವ್ವ ಹೀಗೆ ನಗುವುದನ್ನು ಕೇಳಿ ಎಷ್ಟೋ ವರ್ಷವಾಗಿತ್ತಂತೆ. ಅವಳು ಮರಾಠಿಯಲ್ಲಿ ಹಾಗೆಂದು ನೆರೆಯವರಿಗೆ ಹೇಳಿದಳು.

ಮೂವತ್ತೊಂಬತ್ತನೆಯ ದಿನ ರವಿಕಾಂತ ಕರಾರಿನ ಕಾಗದ ಹಿಡಿದು ಬಂದ. ನಲವತ್ತು ದಿನದ ಸುದ್ದಿ ಅದರಲ್ಲಿ ಎಲ್ಲೂ ಇರಲಿಲ್ಲ. ನಾಗಮ್ಮ ಉಮಾನಾಥನಿಗೆ ಹೇಳಿ ತೆಗೆಸಿದ್ದಳು. ಇಬ್ಬರ ಹೆಸರಿನ ಎದುರಿಗೂ 'ಮುಂದೆ ಮಾಡುವ ದುಡಿಮೆ, ಸರಿಸಮ' ಎಂದಿತ್ತು.

"ನಾಳಿ ನಲವತ್ತು ತುಂಬತದ. ನಾಳೆನೇ ಸಹಿ ಮಾಡ್ರಿ ಮೌಸಿ, ನಾ ಉಳೀತೀನಿ" ಎಂದ ಅವನು, ಈ ಸಲ ತಗ್ಗಿದ ದನಿಯಲ್ಲಿ.

"ಇಲ್ಲಿ ಕೊಡೋ ರವ್ಯಾ" ಎಂದು ಸಕ್ರವ್ವ ಕಾಗದ ಎಳೆದುಕೊಂಡಳು. ಪರಾತದ ಹಿಟ್ಟಿನಲ್ಲಿ ಒಮ್ಮೆ ಬೆರಳಿನಿಂದ ಬರೆದು ನೋಡಿ, ಆಮೇಲೆ ಪೆನ್ನು ಹಿಡಿದು ನಿಧಾನವಾಗಿ ಹೆಸರು ಬರೆದಳು.

"ಇನ್ನೂ ಒಂದು ದಿನ ಉಳಿದದಲ್ಲ?" ಎಂದಳು ನಾಗಮ್ಮ.

"ಅದು ಹಂಗೇ ಬಾಕಿ ಇರಲಿ, ನೀ ನಾಳಿ ಊರಿಗಿ ನಡಿ" ಎಂದಳು ಸಕ್ರವ್ವ. "ಪೂರಾ ತೀರಿತಂದ್ರ ನೀ ಮತ್ಯಾಕ ಬರ್ತಿ? ಹೋದ ಸಲ ಪೂರಾ ತೀರಸಾಕ ಹೋಗೇ ಅಲ್ಲೇನಕ್ಕಾ ಹನ್ನೊಂದು ವರ್ಷ ಕಳಕೊಂಡಿದ್ದು?"

ನಾಗಮ್ಮ ಕಣ್ಣೊರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಹಿಟ್ಟು ಮೆತ್ತಿಕೊಂಡಳು.