ಹೇಳದೆ ಬಿಟ್ಟ ಪಾಠ

ಶೂಟಿಂಗ್ ಕ್ಲಬ್ಬಿನಲ್ಲಿ ಅವನನ್ನು ಎಲ್ಲರೂ ಉಸಿರಪ್ಪ ಎಂದೇ ಕರೆಯುತ್ತಿದ್ದರು. ಹೊಸಬರು ರೈಫಲ್ ಹಿಡಿದು ಕೂತಾಗ ಬೆನ್ನ ಹಿಂದೆ ನಿಂತು, "ಉಸಿರು ತಗೊಳ್ಳಿ, ಅರ್ಧ ಬಿಡಿ, ಈಗ ನಿಲ್ಲಿಸಿ," ಎಂದು ಒಂದೇ ರಾಗದಲ್ಲಿ ಹೇಳುತ್ತಿದ್ದುದರಿಂದ ಅಂಟಿಕೊಂಡ ಹೆಸರು ಅದು. ವಾರದ ಆರು ದಿನ ಅವನು ಗಡಿಯಾರ ರಿಪೇರಿ ಮಾಡುತ್ತಿದ್ದ. ಭಾನುವಾರ ಬೆಳಿಗ್ಗೆ ಮಾತ್ರ ತರಬೇತುದಾರ.

ಹೊಸಬರ ತರಗತಿ ಅವನದೇ ಹಟದಿಂದ ಶುರುವಾದದ್ದು. ಅದಕ್ಕೂ ಮೊದಲು ಕ್ಲಬ್ಬಿಗೆ ಬರುತ್ತಿದ್ದವರು ದುಬಾರಿ ರೈಫಲ್ ಇಟ್ಟುಕೊಂಡವರು ಮಾತ್ರ. "ಸೈಕಲ್ ಕಲಿಯೋಕೆ ಯಾರಾದ್ರೂ ರೇಸಿನ ಸೈಕಲ್ ತಗೋತಾರಾ?" ಎಂದು ಅವನು ಎರಡು ವರ್ಷ ಸಮಿತಿಯವರ ತಲೆ ತಿಂದ. ಕೊನೆಗೆ ಅವರು ಬೇಸತ್ತು ಪಾಯಿಂಟ್ ಟೂ ಟೂ ಎಂಬ ಸಣ್ಣ ತೋಟಾದ ಆರು ರೈಫಲ್ ಕೊಳ್ಳಲು ಒಪ್ಪಿದರು. ತೀರಾ ಸಾದಾ ರೈಫಲ್‌ಗಳು. ಒಂದು ಸಲಕ್ಕೆ ಒಂದೇ ತೋಟಾ ಹಾಕಬೇಕು, ಮೇಲೆ ದುರ್ಬೀನೂ ಇಲ್ಲ. ಆದರೆ ಹೆಗಲಿಗೆ ಒದೆಯುತ್ತಿರಲಿಲ್ಲ, ಸದ್ದು ಕಡಿಮೆ, ತೋಟಾ ಅಗ್ಗ. ಅವು ಬಂದ ಮೇಲೆ ಬಸ್ ಕಂಡಕ್ಟರು, ಆಸ್ಪತ್ರೆಯ ದಾದಿ, ಅಂಚೆಯವನು ಎಲ್ಲರೂ ಕಲಿಯಲು ಬರತೊಡಗಿದರು. ಉಸಿರಪ್ಪ ಪ್ರತಿ ಶನಿವಾರ ಸಂಜೆ ಆರರ ನಳಿಗೆಗಳನ್ನೂ ತಾನೇ ಒರೆಸಿಡುತ್ತಿದ್ದ.

ಹಾಗೆ ಬಂದವರಲ್ಲಿ ಒಬ್ಬಳು ಟೈಲರ್. ನಲವತ್ತೈದರ ಆಸುಪಾಸಿನ ಹೆಂಗಸು, ಒಂಟಿ. ಮಾತು ಕಡಿಮೆ. ಮೊದಲ ಭಾನುವಾರ ಖಾಲಿ ರೈಫಲ್ ಹಿಡಿದು ಅಭ್ಯಾಸ ಮಾಡುವಾಗಲೇ ಅವಳ ಕೈ ಅಲುಗದೆ ನಿಂತದ್ದನ್ನು ಕಂಡು ಉಸಿರಪ್ಪ, "ಸೂಜಿಗೆ ದಾರ ಪೋಣಿಸಿದ ಕೈ ಅಲ್ವಾ!" ಎಂದಿದ್ದ. ಅವಳು ನಾಚಿಕೊಂಡು ನಕ್ಕಿದ್ದಳು.

ಎರಡನೆಯ ಭಾನುವಾರ ನಿಜವಾದ ತೋಟಾ ಹಾಕುವ ದಿನ. ಅದಕ್ಕೂ ಮುನ್ನ ಉಸಿರಪ್ಪ ಪ್ರತಿ ತಂಡಕ್ಕೂ ಒಂದು ಪಾಠ ಹೇಳುತ್ತಿದ್ದ. ಈ ಸಣ್ಣ ತೋಟಾಗಳಲ್ಲಿ ಕಿಡಿ ಹೊತ್ತಿಸುವ ಮದ್ದು ತಳದ ಅಂಚಿನಲ್ಲಿರುತ್ತದೆ. ಒಮ್ಮೊಮ್ಮೆ ಅದು ಸರಿಯಾಗಿ ಹೊತ್ತುವುದಿಲ್ಲ. ಟಿಕ್ ಅಂದು ಸುಮ್ಮನಾಗುತ್ತದೆ. ಹಾಗೆಂದು ತೋಟಾ ಸತ್ತಿದೆ ಎಂದುಕೊಳ್ಳಬಾರದು, ತಡವಾಗಿ ಸಿಡಿಯಬಹುದು. ನಳಿಗೆಯನ್ನು ಗುರಿಯ ಕಡೆಗೇ ಇಟ್ಟು ಮೂವತ್ತು ಎಣಿಸಬೇಕು. ಇಷ್ಟೇ ಪಾಠ, ಹತ್ತು ನಿಮಿಷದ್ದು.

ಆ ದಿನ ಮೊದಲ ತಂಡ ಅಭ್ಯಾಸ ಮುಗಿಸಿ ಏಳುವಾಗಲೇ ತಡವಾಗಿತ್ತು. ಟೈಲರ್ ಇದ್ದ ಎರಡನೆಯ ತಂಡದ ಆರು ಜನ ಹೊರಗೆ ಗಡಿಯಾರ ನೋಡುತ್ತ ನಿಂತಿದ್ದರು. ಒಬ್ಬ, "ಏನ್ ಸಾರ್, ಇವತ್ತಾದ್ರೂ ಒಂದು ಗುಂಡು ಹಾರಿಸ್ತೀವಾ?" ಎಂದು ಕೇಳಿ ಎಲ್ಲರನ್ನೂ ನಗಿಸಿದ. ಉಸಿರಪ್ಪನೂ ನಕ್ಕ. ಆ ಪಾಠ ಮುಂದಿನ ವಾರ ಹೇಳಿದರಾಯಿತು ಎಂದುಕೊಂಡು ತೋಟಾ ಹಂಚಿದ.

ಟೈಲರ್ ಹಾರಿಸಿದ ಮೊದಲ ನಾಲ್ಕು ಗುಂಡು ನಾಣ್ಯದಷ್ಟು ಜಾಗದಲ್ಲಿ ಕೂತವು. ಐದನೆಯದು ಟಿಕ್ ಅಂದಿತು, ಅಷ್ಟೇ. ಅವಳು ಕೂತಲ್ಲೇ ಪಕ್ಕಕ್ಕೆ ಹೊರಳಿ, "ಸರ್, ಇದು ಹಾರ್ತಾ ಇಲ್ಲ," ಎಂದಳು. ಅವಳೊಂದಿಗೆ ರೈಫಲ್ಲೂ ಹೊರಳಿತು. ಪಕ್ಕದ ಮೇಜಿನಲ್ಲಿ ದಾದಿ ಕೂತಿದ್ದಳು. ಉಸಿರಪ್ಪ ಒಂದೇ ಹೆಜ್ಜೆಗೆ ಹಾರಿ ನಳಿಗೆಯ ಬಾಯಿಯನ್ನೇ ಎಡಗೈಯಲ್ಲಿ ಹಿಡಿದು ಗುರಿಯ ಕಡೆಗೆ ತಳ್ಳಿದ. ಅಷ್ಟರಲ್ಲಿ ಅದು ಸಿಡಿಯಿತು.

ಅವನ ಎಡಗೈಯ ತೋರುಬೆರಳು ಎರಡನೆಯ ಗೆಣ್ಣಿನವರೆಗೆ ಹೋಯಿತು. ಬೇರೆ ಯಾರಿಗೂ ಏನೂ ಆಗಲಿಲ್ಲ. ದಾದಿಯೇ ಓಡಿಬಂದು ಬಟ್ಟೆ ಸುತ್ತಿದಳು. ಟೈಲರ್ ಮಾತ್ರ ಎರಡೂ ಕೈ ಮೇಜಿನ ಮೇಲಿಟ್ಟುಕೊಂಡು ಹಾಗೇ ಕೂತಿದ್ದಳು, ಎಬ್ಬಿಸಿದರೂ ಏಳಲಿಲ್ಲ.

ಮರುದಿನ ಆಸ್ಪತ್ರೆಗೆ ಕ್ಲಬ್ಬಿನ ಕಾರ್ಯದರ್ಶಿ ಬಂದ. ಅವನು ಉಸಿರಪ್ಪನ ಹೆಂಡತಿಯ ತಮ್ಮ. ಕೈಯಲ್ಲಿ ಟೈಪ್ ಮಾಡಿದ ಒಂದು ಹಾಳೆ ಇತ್ತು.

"ಭಾವ, ಇದಕ್ಕೊಂದು ಸಹಿ ಹಾಕಿಬಿಡಿ."

ಸಿಡಿಯದ ತೋಟಾದ ನಿಯಮವನ್ನು ತಂಡಕ್ಕೆ ಕಲಿಸಲಾಗಿತ್ತು, ಸದಸ್ಯೆ ಅದನ್ನು ಪಾಲಿಸಲಿಲ್ಲ ಎಂದು ಅದರಲ್ಲಿ ಬರೆದಿತ್ತು. ಉಸಿರಪ್ಪ ಎರಡು ಸಲ ಓದಿದ.

"ಆ ಟೈಲರಮ್ಮನ ಗತಿ?"

"ಸದಸ್ಯತ್ವ ಹೋಗುತ್ತೆ, ಅಷ್ಟೇ. ಇಲ್ಲದಿದ್ರೆ ತರಗತೀನೇ ಮುಚ್ಚಿಸ್ತಾರೆ ಭಾವ. ಅಗ್ಗದ ರೈಫಲ್ ತಂದು ಅಡ್ಡಾದಿಡ್ಡಿ ಜನರ ಕೈಗೆ ಕೊಟ್ರು ಅಂತ ಆಗಲೇ ಗುಸುಗುಸು ಶುರುವಾಗಿದೆ. ನೀವು ಕಟ್ಟಿದ್ದು ನೀವೇ ಕೆಡವ್ತೀರಾ?"

ಕೈ ಸಿಡಿಯುತ್ತಿತ್ತು. ಬಲಗೈ ಚೆನ್ನಾಗಿಯೇ ಇತ್ತು. ಉಸಿರಪ್ಪ ಸಹಿ ಹಾಕಿದ.

ಗಾಯ ಮಾಗಲು ಎರಡು ತಿಂಗಳು ಹಿಡಿಯಿತು. ಅಂಗಡಿ ತೆರೆದ ಮೊದಲ ದಿನವೇ ಗಡಿಯಾರದ ಸಣ್ಣ ತಿರುಪನ್ನು ಇನ್ನು ಮುಂದೆ ತಾನು ಹಿಡಿಯಲಾರೆ ಎಂದು ಅವನಿಗೆ ತಿಳಿಯಿತು. ಹೆಂಡತಿ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಳು. ಅವನು ಹೇಳಿದಂತೆ ಚಿಮಟದಲ್ಲಿ ತಿರುಪು ಎತ್ತಿ ಕೂರಿಸುವುದು ಅವಳ ಕೆಲಸವಾಯಿತು. ಮೊದಮೊದಲು ದಿನಕ್ಕೆ ನಾಲ್ಕು ತಿರುಪು ನೆಲಕ್ಕೆ ಬೀಳುತ್ತಿದ್ದವು. ಇಬ್ಬರೂ ಮಂಡಿಯೂರಿ ಹುಡುಕುತ್ತಿದ್ದರು.

ಹಾಗೆ ಹುಡುಕುತ್ತಿದ್ದಾಗಲೇ ಒಂದು ಮಧ್ಯಾಹ್ನ ಅವಳು ತಲೆ ಎತ್ತದೆ ಕೇಳಿದಳು: "ರೀ, ನಿಜ ಹೇಳಿ. ಆವತ್ತು ಆ ಪಾಠ ಹೇಳಿದ್ರಾ?"

ಅವನು ಮೇಜಿನ ಕೆಳಗೆ ಕೈ ಚಾಚಿ ಹುಡುಕುತ್ತಲೇ ಇದ್ದ.

"ನನ್ನ ತಮ್ಮ ಹೇಳಿದ್ದನ್ನ ಕೇಳ್ತಿಲ್ಲ. ನಿಮ್ಮನ್ನ ಕೇಳ್ತಿದೀನಿ."

"ಇಲ್ಲ ಕಣೇ."

ಅವಳು ತಿರುಪು ಸಿಕ್ಕಿತೋ ಇಲ್ಲವೋ ನೋಡದೆ ಎದ್ದು ಒಳಗೆ ಹೋದಳು. ಆ ಮಧ್ಯಾಹ್ನ ಅಂಗಡಿಯಲ್ಲಿ ಕೆಲಸ ಮುಂದುವರಿಯಲಿಲ್ಲ.

ಮರುದಿನ ಬೆಳಿಗ್ಗೆ ಉಸಿರಪ್ಪ ಟೈಲರ್ ಅಂಗಡಿಗೆ ಹೋದ. ಬಾಗಿಲ ಒಂದು ರೆಕ್ಕೆ ಮಾತ್ರ ತೆರೆದಿತ್ತು. ಕತ್ತರಿಸಿದ ಬಟ್ಟೆಗಳ ಕಟ್ಟುಗಳು ಗೋಡೆಯ ಉದ್ದಕ್ಕೂ ಬಿದ್ದಿದ್ದವು. ಪ್ರತಿಯೊಂದಕ್ಕೂ ಒಂದಲ್ಲ, ಮೂರು ಮೂರು ಚೀಟಿ ಪಿನ್ ಮಾಡಿತ್ತು: ಯಾರದು, ಯಾವಾಗ ಕೊಟ್ಟದ್ದು, ಅಳತೆ ಏನು. ಅವನನ್ನು ಕಂಡದ್ದೇ ಅವಳು ಎದ್ದು ನಿಂತಳು. ಅವಳ ಕಣ್ಣು ಅವನ ಕೈ ಮೇಲೆ ಹೋಗಿ, ಅಲ್ಲಿ ನಿಲ್ಲಲಾರದೆ ಕೆಳಗಿಳಿಯಿತು.

"ನಾನೇ ಬರಬೇಕಿತ್ತು ಸರ್. ಮುಖ ಇರಲಿಲ್ಲ."

"ಕೂತ್ಕೊಳ್ಳಿ ಅಮ್ಮ, ನಾನೊಂದು ಮಾತು ಹೇಳ್ಬೇಕು."

"ಮೊದಲು ನಾನು ಹೇಳ್ತೀನಿ ಸರ್, ತಡೀಬೇಡಿ. ನೀವು ಹೇಳಿಕೊಟ್ಟಿದ್ರಿ ಅಂತ ಕಾಗದದಲ್ಲಿ ಬರೆದಿದಾರೆ. ನನಗೆ ಎಷ್ಟು ಯೋಚನೆ ಮಾಡಿದ್ರೂ ನೆನಪಾಗ್ತಿಲ್ಲ. ನೀವು ಎಲ್ಲಿ ನಿಂತಿದ್ರಿ, ಏನು ಬಟ್ಟೆ ಹಾಕಿದ್ರಿ, ಎಲ್ಲ ನೆನಪಿದೆ. ಈ ಮಾತೊಂದು ಇಲ್ಲ." ಅವಳು ಟೇಪನ್ನು ಕೈಗೆ ಸುತ್ತಿಕೊಳ್ಳುತ್ತ ಹೇಳಿದಳು: "ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು. ಕೊನೆಗೆ ನನ್ನನ್ನೇ ಯಾರು ಅಂತ ಕೇಳ್ತಿದ್ಲು. ಡಾಕ್ಟರ ಹತ್ರ ಹೋಗಿ ಬಂದೆ. ಮಿದುಳಿನ ಫೋಟೋ ತೆಗೆಸೋಕೆ ಹೇಳಿದಾರೆ."

ಉಸಿರಪ್ಪ ಅವಳ ಹೆಸರಿಗೆ ಕಳಂಕ ಹತ್ತಿದ್ದನ್ನು ಮಾತ್ರ ಯೋಚಿಸಿ ಬಂದಿದ್ದ. ತನ್ನ ಒಂದು ಸಹಿ ಅವಳ ತಲೆಯೊಳಗೆ ಹೊಕ್ಕು ಇಷ್ಟು ದಿನ ಕೂತಿತ್ತು ಎಂಬುದು ಅವನ ಕನಸಿನಲ್ಲೂ ಇರಲಿಲ್ಲ.

"ಅಮ್ಮ, ನಿಮಗೆ ಮರೆವಿಲ್ಲ. ನಾನು ಹೇಳಿರ್ಲಿಲ್ಲ. ಆವತ್ತು ಹೊತ್ತಾಯ್ತು ಅಂತ ಬಿಟ್ಟೆ. ಆಮೇಲೆ ಸುಳ್ಳಿಗೆ ಸಹಿ ಹಾಕ್ದೆ."

ಟೇಪು ಅವಳ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

"ಎರಡು ತಿಂಗಳು," ಎಂದಳು. "ಒಲೆ ಆರಿಸಿದೆನಾ ಅಂತ ಬಾಗಿಲು ಹಾಕಿದ ಮೇಲೆ ನಾಲ್ಕು ಸಲ ವಾಪಸ್ ಹೋಗಿ ನೋಡ್ತಿದ್ದೆ. ನನ್ನ ಕೈಲಿ ನಿಮ್ಮ ಬೆರಳು ಹೋಯ್ತಲ್ಲ ಅಂತ ದಿನಾ ಅತ್ತಿದೀನಿ. ನೀವು..." ದನಿ ಏರಿತು, ಒಡೆಯಿತು. "ನಿಮ್ಮನ್ನ ನಾನು ದೇವರಂಥ ಮನುಷ್ಯ ಅಂದ್ಕೊಂಡಿದ್ದೆ. ಹೋಗಿ ಸರ್. ಇಲ್ಲಿ ನನ್ನೊಬ್ಬಳ ಮುಂದೆ ಹೇಳಿದ್ರೆ ಏನು ಬಂತು? ಕಾಗದ ಓದಿದೋರೆಲ್ಲರ ಮುಂದೆ ಹೇಳಿ."

ಮುಂದಿನ ಭಾನುವಾರ ಸಮಿತಿಯ ಸಭೆ. ಅಲ್ಲಿ ಉಸಿರಪ್ಪ ನಿಜ ಹೇಳಲಿದ್ದಾನೆಂದು ತಿಳಿದ ಕಾರ್ಯದರ್ಶಿ ಹಿಂದಿನ ಸಂಜೆಯೇ ಮನೆಗೆ ಬಂದು, ಹೇಳಬೇಡಿ ಎಂದು ಬೇಡಿಕೊಂಡ, ಆಮೇಲೆ ಬೈದ, ಕೊನೆಗೆ ಅಕ್ಕನ ಮುಖ ನೋಡಿದ. "ನನ್ನ ಮುಖ ಯಾಕೋ ನೋಡ್ತೀಯ? ಹೋಗಿ ಹೇಳಿ ಅಂತ ಇವರಿಗೆ ಅಂದಿದ್ದೇ ನಾನು," ಎಂದಳು ಅವಳು. ಅವನು ಚಪ್ಪಲಿ ಮೆಟ್ಟಿಕೊಂಡು ಹೋದ. ಮುಂದೆ ಬಹಳ ದಿನ ಆ ಮನೆಗೆ ಕಾಲಿಡಲಿಲ್ಲ.

ಸಭೆಯಲ್ಲಿ ಉಸಿರಪ್ಪ ನಿಂತುಕೊಂಡೇ ಎಲ್ಲ ಹೇಳಿದ. ದುಬಾರಿ ರೈಫಲ್ಲಿನ ಒಬ್ಬ ಹಿರಿಯ ಸದಸ್ಯ ಕೇಳಿದ: "ನಳಿಗೆ ತಿರುಗಿಸಬಾರದು ಅಂತ ಮೊದಲ ವಾರವೇ ಹೇಳಿದ್ರಂತಲ್ಲ? ಹಾಗಿದ್ರೆ ತಪ್ಪು ಆಕೇದೂ ಇದೆ."

"ಹೇಳಿದ್ದೆ. ಸಿಡೀದ ಗುಂಡಿಗೆ ಇನ್ನೂ ಜೀವ ಇರುತ್ತೆ ಅಂತ ಹೇಳಿರ್ಲಿಲ್ಲ. ಅದು ಗೊತ್ತಿದ್ದಿದ್ರೆ ಅವರು ತಿರುಗಿಸ್ತಿರ್ಲಿಲ್ಲ. ಅವರ ಕೈ ಎಂಥದ್ದು ಅಂತ ನಾನು ನೋಡಿದೀನಿ."

"ಮತ್ತೆ ಈ ಅಗ್ಗದ ರೈಫಲ್ಲು?"

"ಅದರಲ್ಲಿ ಯಾವ ದೋಷವೂ ಇಲ್ಲ. ಯಾವ ತೋಟಾ ಬೇಕಾದ್ರೂ ಒಂದು ದಿನ ತಡವಾಗಿ ಹೊತ್ತಬಹುದು. ಕಲಿಸೋನು ಹೇಳ್ಬೇಕಿತ್ತು."

ಟೈಲರ್ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತು ಎಲ್ಲ ಕೇಳಿದಳು.

ಸಮಿತಿ ಹಳೆಯ ಹಾಳೆಯನ್ನು ರದ್ದು ಮಾಡಿತು. ಉಸಿರಪ್ಪ ಇನ್ನು ಮುಂದೆ ಯಾರಿಗೂ ಕಲಿಸುವಂತಿಲ್ಲ ಎಂದು ತೀರ್ಮಾನವಾಯಿತು. ತರಗತಿ ಐದು ತಿಂಗಳು ಮುಚ್ಚಿತ್ತು. ಆಮೇಲೆ ನಿವೃತ್ತ ಮಹಿಳಾ ಪೊಲೀಸ್ ಒಬ್ಬರು ವಹಿಸಿಕೊಂಡು ಅದೇ ಆರು ರೈಫಲ್‌ಗಳಿಂದ ಮತ್ತೆ ಶುರು ಮಾಡಿದರು. ಟೈಲರ್‌ಗೂ ಪತ್ರ ಹೋಯಿತು. ಮೊದಲ ವಾರ ಅವಳು ಬರಲಿಲ್ಲ, ಎರಡನೆಯ ವಾರವೂ ಇಲ್ಲ. ಮೂರನೆಯ ವಾರ ಬಂದಳು ಎಂದು ದಾದಿ ಗಡಿಯಾರಕ್ಕೆ ಸೆಲ್ ಹಾಕಿಸಲು ಬಂದಾಗ ಹೇಳಿದಳು. "ಅವರ ಕೈ ನಡುಗುತ್ತೆ ಈಗ. ಆದ್ರೂ ಬರಲ್ಲ ಅನ್ನಲ್ಲ," ಎಂದಳು. ಉಸಿರಪ್ಪ ತಲೆಯಾಡಿಸಿ ಸೆಲ್ ಹುಡುಕತೊಡಗಿದ.

ಒಂದು ದಿನ ಬಸ್ ನಿಲ್ದಾಣದಲ್ಲಿ ಉಸಿರಪ್ಪನೂ ಟೈಲರೂ ಎದುರಾಬದುರಾ ಸಿಕ್ಕರು. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅವಳು ದಾಟಿಹೋಗಿ, ನಿಂತು, ತಿರುಗಿದಳು.

"ಕೈ ಹೇಗಿದೆ?"

"ಪರವಾಗಿಲ್ಲ. ಚಳಿಗೆ ನೋಯುತ್ತೆ."

"ಉಲ್ಲನ್ ಬಟ್ಟೆ ಸುತ್ಕೊಳ್ಳಿ," ಎಂದಳು. ಅವಳ ಮುಖದಲ್ಲಿ ನಗು ಇರಲಿಲ್ಲ. ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತಳು. ಅದು ಹೊರಡುವವರೆಗೂ ಉಸಿರಪ್ಪ ಅಲ್ಲೇ ನಿಂತಿದ್ದು, ಅಂಗಡಿಯಲ್ಲಿ ಹೆಂಡತಿ ಒಬ್ಬಳೇ ಇದ್ದಾಳೆಂಬುದು ನೆನಪಾಗಿ ಬೇಗ ಬೇಗ ನಡೆದ.