ಒಳಗಿನ ಹಸಿರು ದಾರ

ಹದಿನಾಲ್ಕು ಕೆಟ್ಟ ರಿವ್ಯೂಗಳು ಒಂದೇ ಏಟಿಗೆ ಅಳಿಸಿಹೋದ ಮಾರನೆಯ ಬೆಳಿಗ್ಗೆ, ಟೈಲರಮ್ಮ ಎಷ್ಟೋ ದಿನದ ಮೇಲೆ ಬಿಸಿ ಬಿಸಿ ಟೀಯನ್ನು ಬಿಸಿ ಇರುವಾಗಲೇ ಕುಡಿದಳು.

ಅವಳು ಹೊಲಿಯುತ್ತಿದ್ದದ್ದು ಎಳೆಮಕ್ಕಳನ್ನು ಎದೆಗೆ ಕಟ್ಟಿಕೊಂಡು ಓಡಾಡುವ ಚೀಲ. ಹೊರಗೆ ಎಲ್ಲರೂ ಅದನ್ನು ಬೇಬಿ ಕ್ಯಾರಿಯರ್ ಅನ್ನುತ್ತಾರೆ, ಈ ಮನೆಯಲ್ಲಿ ಮಾತ್ರ ಮಡಿಲುಚೀಲ. ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯೇ ಅವರ ಮನೆ, ಅದೇ ಕಾರ್ಖಾನೆ. ಅವಳು ಹೊಲಿಯುತ್ತಾಳೆ. ಗಂಡ ಫೋಟೊ ತೆಗೆಯುತ್ತಾನೆ, ಡಬ್ಬಕ್ಕೆ ಹಾಕಿ ಟೇಪು ಸುತ್ತುತ್ತಾನೆ, ಆನ್‌ಲೈನ್ ಸಂತೆಯಲ್ಲಿ ಮಾರುತ್ತಾನೆ. ಮಿಕ್ಕ ಹೊತ್ತಿನಲ್ಲೆಲ್ಲ ಅವನ ಕೆಲಸ ಒಂದೇ, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ರಿವ್ಯೂ ಕಾಯುವುದು.

ಕಾಯದೆ ವಿಧಿಯಿಲ್ಲ. ಅದೇ ಸಂತೆಯಲ್ಲಿ ಅಂಥದ್ದೇ ಚೀಲ ಮಾರುವ ಇನ್ನೊಬ್ಬನಿದ್ದ. ಅವನ ಮುಖವನ್ನು ಇವರು ನೋಡಿಲ್ಲ. ಇವರು ಬೆಲೆ ಎಷ್ಟೇ ಇಡಲಿ, ಅವನು ಅದಕ್ಕಿಂತ ಒಂದು ರೂಪಾಯಿ ಕಡಿಮೆ ಇಡುತ್ತಿದ್ದ. ಹಾಗಾಗಿ ಗಂಡ ಹೆಂಡತಿ ಅವನಿಗೆ ಇಟ್ಟ ಹೆಸರು ಒಂದ್ಕಮ್ಮಿ. ಬೆಲೆ ಇಳಿಸಿ ಸಾಕಾದ ಮೇಲೆ ಒಂದ್ಕಮ್ಮಿ ಕೂಲಿ ಬರಹಗಾರರನ್ನು ಛೂ ಬಿಟ್ಟ. ಅವರು ಚೀಲ ಕೊಂಡ ಶಾಸ್ತ್ರ ಮಾಡಿ, ಒಂದು ಸ್ಟಾರ್ ಒತ್ತಿ, ಬಣ್ಣ ಬಿಡುತ್ತೆ, ನಾತ ಬರುತ್ತೆ, ಪಟ್ಟಿ ಕಿತ್ತು ಬಂತು, ಮಗುವಿಗೆ ಅಪಾಯ ಅಂತ ಬರೆಯತೊಡಗಿದರು.

ಆ ಸಂತೆಗೆ ಒಂದು ನಿಯಮವಿತ್ತು. ಒಂದು ವಾರದೊಳಗೆ ಇಪ್ಪತ್ತು ಗಿರಾಕಿಗಳು ಒಂದು ಸಾಮಾನನ್ನು ಅಪಾಯ ಎಂದು ದೂರಿದರೆ, ಯಂತ್ರವೇ ಅದರ ಮಾರಾಟ ನಿಲ್ಲಿಸುತ್ತದೆ. ಅದನ್ನು ಕೊಂಡ ಪ್ರತಿಯೊಬ್ಬರ ಫೋನಿಗೂ ‘ಬಳಸಬೇಡಿ’ ಎಂಬ ಕೆಂಪು ನೋಟೀಸು ಹೋಗುತ್ತದೆ. ಅಂಗಡಿಗೆ ಶಾಶ್ವತವಾಗಿ ಬೀಗ. ಕೇಳುವವರಿಲ್ಲ, ಹೇಳುವವರಿಲ್ಲ. ಮಾರುವವರೆಲ್ಲ ಅದನ್ನು ಕೆಂಪು ಚೀಟಿ ಅನ್ನುತ್ತಿದ್ದರು, ಅನ್ನುವಾಗ ದನಿ ತಗ್ಗಿಸುತ್ತಿದ್ದರು. ಇವರ ಎಣಿಕೆ ಹದಿನಾಲ್ಕಕ್ಕೆ ಬಂದು ನಿಂತಿತ್ತು. ಗಂಡ ಹದಿನಾಲ್ಕನ್ನೂ ಫೋಟೊ ಹಿಡಿದು, ಎಲ್ಲವೂ ಸುಳ್ಳು, ಎದುರಾಳಿಯ ಕೆಲಸ ಎಂದು ಉದ್ದದ ಅರ್ಜಿ ಬರೆದ. ನಿನ್ನೆ ಸಂಜೆ ಅರ್ಜಿ ಗೆದ್ದಿತು.

ಇವರೂ ಹಾಲಿನಲ್ಲಿ ತೊಳೆದವರೇನಲ್ಲ. ಅಂಗಡಿ ತೆರೆದ ಹೊಸದರಲ್ಲಿ ಹನ್ನೆರಡು ಜನ ನೆಂಟರ ಕೈಲಿ ಚೀಲ ಕೊಳ್ಳಿಸಿ, ಡಬ್ಬದಲ್ಲಿ ಹಳೇ ಪೇಪರು ತುಂಬಿ ಕಳಿಸಿ, ಐದೈದು ಸ್ಟಾರ್ ಹಾಕಿಸಿಕೊಂಡಿದ್ದರು. ಟೈಲರಮ್ಮನ ತಂಗಿಯಂತೂ ‘ನನ್ನ ಮಗು ಇದರಲ್ಲಿ ಅಮ್ಮನ ಮಡಿಲಲ್ಲಿದ್ದಂತೆ ನಿದ್ದೆ ಮಾಡುತ್ತೆ’ ಎಂದು ಬರೆದಾಗ ಅವಳು ಇನ್ನೂ ಮೂರು ತಿಂಗಳ ಬಸುರಿ. ಮಗು ಹುಟ್ಟಿದ ಮೇಲೆ, ಸುಳ್ಳನ್ನು ಸರಿಮಾಡೋಣ ಎಂಬಂತೆ, ಅಕ್ಕ ಅವಳಿಗೆ ನಿಜವಾದ ಚೀಲವನ್ನೇ ಹೊಲಿದು ಕೊಟ್ಟಳು. ಅದು ಹೋದ ತಿಂಗಳ ಮಾತು.

ಟೀ ಮುಗಿಸಿ ಟೈಲರಮ್ಮ ಗಂಡನ ಫೋನು ತೆಗೆದುಕೊಂಡಳು. ಗೆದ್ದವರಿಗೆ ಸೋತವರ ಮಾತು ಇನ್ನೊಮ್ಮೆ ಓದುವ ಚಪಲ ಇರುತ್ತದಲ್ಲ, ಅದು. ಅಳಿಸಿಹೋದ ರಿವ್ಯೂಗಳ ಫೋಟೊಗಳನ್ನು ಒಂದೊಂದಾಗಿ ಸರಿಸುತ್ತ, "ಇವಳ ಭಾಷೆ ನೋಡಿ, ಮೂರು ಜನರ ಹೆಸರಲ್ಲಿ ಒಬ್ಬಳೇ ಬರ್ದಿದ್ದಾಳೆ" ಎಂದು ನಗುತ್ತಿದ್ದಳು.

ಒಂಬತ್ತನೆಯದರ ಹತ್ತಿರ ನಗು ನಿಂತಿತು.

‘ಹೆಗಲ ಪಟ್ಟಿ ಕಿತ್ತು ಬಂತು. ನನ್ನ ಕೈ ಮಗುವಿನ ಕೆಳಗೇ ಇದ್ದದ್ದಕ್ಕೆ ಉಳಿಯಿತು. ದಯವಿಟ್ಟು ಯಾರೂ ಬಳಸಬೇಡಿ.’ ಕೆಳಗೆ ಒಂದು ಚಿತ್ರ. ಬಾಯಿಬಿಟ್ಟ ಪಟ್ಟಿಯ ಮಡಿಕೆಯೊಳಗಿಂದ ಹಸಿರು ದಾರದ ಎಳೆಗಳು ಇಣುಕುತ್ತಿದ್ದವು.

ಅವಳಿಗೆ ಹೊಲಿಗೆ ಕಲಿಸಿದ ಮುದುಕಿ ಒಂದು ಪದ್ಧತಿ ಹಾಕಿಕೊಟ್ಟಿದ್ದಳು. ಹೊರಗಿನ ಹೊಲಿಗೆ ಬಟ್ಟೆಯ ಬಣ್ಣಕ್ಕೆ ಹೊಂದಲಿ, ಭಾರ ಹೊರುವ ಒಳಹೊಲಿಗೆಗೆ ಮಾತ್ರ ಪ್ರತಿ ಹೊಸ ರೀಲಿಗೂ ಬೇರೆ ಬಣ್ಣ. ನಾಳೆ ಏನಾದರೂ ಕೆಟ್ಟರೆ ಯಾವ ರೀಲಿನದು ಅಂತ ಗೊತ್ತಾಗಬೇಕು. ಆ ಹೊಲಿಗೆ ಮಡಿಕೆಯ ಒಳಗಿರುತ್ತದೆ. ಕಿತ್ತು ಬಂದರೆ ಮಾತ್ರ ಕಾಣುತ್ತದೆ. ಅಂಗಡಿಯ ಚಿತ್ರದಲ್ಲಿ ಕಾಣುವುದಿಲ್ಲ, ಕೂಲಿ ಬರಹಗಾರರಿಗೆ ಗೊತ್ತಿರುವುದಿಲ್ಲ.

"ರೀ," ಎಂದಳು. ಫೋನನ್ನು ಅವನತ್ತ ಚಾಚಿದಳು. "ರೀ, ಇದು ಸುಳ್ಳಲ್ಲ."

ಗಂಡ ಟೇಪು ಹರಿಯುತ್ತಿದ್ದವನು ತಲೆ ಎತ್ತಿದ. "ಯಾವುದು?"

"ಇದೊಂದು ನಿಜ. ಹದಿಮೂರು ಅವನು ಬರೆಸಿದ್ದು. ಇದನ್ನ ಒಬ್ಬ ತಾಯಿ ಬರ್ದಿದ್ದಾಳೆ. ನಾವು ಅಳಿಸಿಬಿಟ್ವಿ."

ಅವನು ಫೋನು ನೋಡಿದ, ಅವಳನ್ನು ನೋಡಿದ, ಮುಖದ ಬಣ್ಣ ಇಳಿದುಹೋಯಿತು. ಹಸಿರು ರೀಲು ತಂದವನು ಅವನೇ. ಒಂದ್ಕಮ್ಮಿ ಬೆಲೆ ಇಳಿಸಿದ್ದ ದಿನ, ಮಾಮೂಲಿ ಅಂಗಡಿ ಬಿಟ್ಟು ರೈಲು ಹಳಿಯ ಆಚೆಗಿನ ಗೋದಾಮಿಗೆ ಹೋಗಿ, ಗಿಳಿ ಚಿತ್ರವಿದ್ದ ಅಗ್ಗದ ರೀಲು ತಂದಿದ್ದ. ‘ದೊಡ್ಡ ದೊಡ್ಡ ಕಂಪನಿಯವರೇ ಮೂಟೆಗಟ್ಟಲೆ ಒಯ್ತಾರಂತೆ ಕಣೇ’ ಅಂದಿದ್ದ. ಹೊಸ ರೀಲು ಬಂದರೆ ಅವಳು ಎರಡು ಮಾರು ದಾರ ಬೆರಳಿಗೆ ಸುತ್ತಿ ಎಳೆದು ನೋಡುವುದು ವಾಡಿಕೆ. ಆ ದಿನ ನೋಡಲಿಲ್ಲ, ಆರ್ಡರು ತಲೆ ಮೇಲೆ ಕೂತಿತ್ತು. ಮಿಷನ್ನಿನಲ್ಲಿ ಎರಡು ಸಲ ತುಂಡಾದಾಗಲೂ ಸೂಜಿಯನ್ನು ಬೈದುಕೊಂಡು ಪೋಣಿಸಿದ್ದಳು.

ಈಗ ಗೂಡಿನಿಂದ ಉಳಿದ ರೀಲು ತೆಗೆದು, ಬೆರಳಿಗೆ ಸುತ್ತಿ ಎಳೆದಳು. ಪಟ್ಟನೆ ತುಂಡಾಯಿತು. ಇನ್ನೊಮ್ಮೆ. ಪಟ್ಟನೆ. ಶಕ್ತಿಯೇ ಬೇಕಾಗಲಿಲ್ಲ.

"ಎಷ್ಟು ಹೊಲ್ದಿದ್ದೆ ಇದ್ರಲ್ಲಿ?"

"ನಲವತ್ತೆರಡು." ಆಮೇಲೆ ಅವಳಿಗೆ ನೆನಪಾಯಿತು. "ತಂಗಿಗೆ ಕೊಟ್ಟಿದ್ದೂ ಇದ್ರಲ್ಲೇ."

ತಂಗಿ ಇವತ್ತು ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋಗುವವಳಿದ್ದಳು. ಆಸ್ಪತ್ರೆ ಹಳಿಯ ಆಚೆ. ಹಳಿಯ ಮೇಲೆ ಜನ ದಾಟಲು ಕಬ್ಬಿಣದ ಸೇತುವೆ, ಐವತ್ತಾರು ಮೆಟ್ಟಿಲು. ಫೋನು ಮಾಡಿದರೆ ರಿಂಗಾಗುತ್ತಲೇ ಇತ್ತು. ಮಗು ಎದೆಗಿದ್ದರೆ ತಂಗಿ ಫೋನಿನ ಸದ್ದನ್ನು ಅಡಗಿಸಿಟ್ಟಿರುತ್ತಾಳೆ, ಪುಣ್ಯಾತ್ಗಿತ್ತಿ. ನಾಲ್ಕನೇ ಸಲಕ್ಕೆ ಟೈಲರಮ್ಮ ಫೋನು ಬಿಸಾಕಿ, ಕಾಲಿಗೆ ಸಿಕ್ಕಿದ ಗಂಡನ ಚಪ್ಪಲಿ ಮೆಟ್ಟಿ ಓಡಿದಳು.

ಅಷ್ಟು ಉದ್ದದ ಬೀದಿ ಅದು ಅಂತ ಅವಳಿಗೆ ಅವತ್ತೇ ಗೊತ್ತಾದದ್ದು. ದಿನಾ ನಡೆಯುವ ಬೀದಿಯೇ, ಅದೇ ಔಷಧದಂಗಡಿ, ಅದೇ ಸೈಕಲ್ ಅಂಗಡಿ, ಒಂದೂ ಮುಗಿಯದು. ಏನೂ ಆಗಿರಲ್ಲ, ಏನೂ ಆಗಿರಲ್ಲ ಎಂದು ಬಾಯಲ್ಲಿ ಹೇಳುತ್ತಿದ್ದಳು, ಕಾಲುಗಳು ಅದನ್ನು ನಂಬದೆ ಓಡುತ್ತಲೇ ಇದ್ದವು.

ಸೇತುವೆಯ ಕೆಳಗೆ ನಿಂತು ಕತ್ತೆತ್ತಿದಳು. ತಂಗಿ ಮೇಲಿನ ಮೆಟ್ಟಿಲುಗಳಲ್ಲಿದ್ದಳು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಬ್ಯಾಗು. ಮಗುವಿನ ಕೆಳಗೆ ಕೈಯಿಲ್ಲ. ಮಡಿಲುಚೀಲ ಇರುವುದೇ ಕೈ ಬಿಡುವಾಗಲಿ ಅಂತ, ಇವಳ ಗಂಡನೇ ಜಾಹೀರಾತಿನಲ್ಲಿ ಹಾಗೆ ಬರೆದಿದ್ದ.

ಕೂಗಲು ಬಾಯಿ ತೆರೆದು ಮುಚ್ಚಿದಳು. ಕೂಗಿದರೆ ತಂಗಿ ಬೆಚ್ಚಿ ಸರಕ್ಕನೆ ತಿರುಗುತ್ತಾಳೆ. ತಿರುಗಿದರೆ ಪಟ್ಟಿಗೆ ಜಗ್ಗು ಬೀಳುತ್ತದೆ. ಹಾಗಾಗಿ ಐವತ್ತಾರು ಮೆಟ್ಟಿಲನ್ನೂ ಉಸಿರು ಬಿಗಿಹಿಡಿದು, ಕಳ್ಳಿಯ ಹಾಗೆ ಸದ್ದಿಲ್ಲದೆ ಹತ್ತಿದಳು. ಕೆಳಗೆ ರೈಲೊಂದು ಬಂದು ಕಬ್ಬಿಣವೆಲ್ಲ ನಡುಗಿತು. ಹಿಂದಿನಿಂದ ಬಂದವಳೇ ತಂಗಿಯನ್ನು ಬಳಸಿ ಎರಡೂ ಕೈಯನ್ನು ಮಗುವಿನ ಕೆಳಗೆ ಕೊಟ್ಟಳು.

"ಅಯ್ಯೋ, ಯಾರು! ಅಕ್ಕಾ? ಏನೇ ಇದು, ಜೀವ ಬಾಯಿಗೆ ಬಂತಲ್ಲೇ!"

"ಅಲ್ಲಾಡಬೇಡ. ಕೊಡೆ ಬಿಸಾಕು. ಮಗೂನ ಹಿಡ್ಕೋ."

"ಯಾಕೆ, ಏನಾಯ್ತು?"

"ಹಿಡ್ಕೋ ಅಂದೆ!"

ಬಲಗಡೆಯ ಪಟ್ಟಿ ಅರ್ಧ ಬಿಚ್ಚಿತ್ತು. ಹೊರಗಿನ ಹೊಲಿಗೆಯ ನಾಲ್ಕು ಎಳೆ ಮಾತ್ರ ಹಿಡಿದುಕೊಂಡಿದ್ದವು. ಒಳಗೆ ಬೆರಳು ಹಾಕಿದರೆ ಹಸಿರು ದಾರ ಪುಡಿಯಾಗಿ ಬೆರಳಿಗೆ ಅಂಟಿತು. ಮಗು ಕಣ್ಣು ಬಿಟ್ಟು, ದೊಡ್ಡಮ್ಮನ ಮುಖ ನೋಡಿ, ಬಾಯಿ ತುಂಬ ನಕ್ಕಿತು. ಟೈಲರಮ್ಮ ಸೇತುವೆಯ ಮೇಲೇ ಕೂತು ಹೋ ಎಂದು ಅತ್ತಳು. ದಾಟುವ ಜನ ಸುತ್ತಿಕೊಂಡು ಹೋದರು.

ಅಳು ನಿಂತದ್ದು ಲೆಕ್ಕ ನೆನಪಾದಾಗ. ನಲವತ್ತೆರಡರಲ್ಲಿ ಇದೊಂದು, ಆ ತಾಯಿಯದೊಂದು. ಇನ್ನು ನಲವತ್ತು.

ತಂಗಿಯನ್ನೂ ಮಗುವನ್ನೂ ಮನೆಗೆ ಕರೆತಂದು, ಗಂಡ ಹೆಂಡತಿ ಸಂತೆಯ ಸಹಾಯವಾಣಿಗೆ ಬರೆದರು. ಗಿರಾಕಿಗಳ ವಿಳಾಸ, ಫೋನು ನಂಬರು ಕೊಡುವುದಿಲ್ಲ, ಅದು ಗುಟ್ಟಿನ ವಿಷಯ ಎಂದಿತು ಉತ್ತರ. ಅಳಿಸಿದ ರಿವ್ಯೂ ಮತ್ತೆ ಹಾಕಿ ಎಂದರೆ, ‘ಸಂತೋಷದ ಸುದ್ದಿ! ಆ ನಕಲಿ ರಿವ್ಯೂವನ್ನು ಶಾಶ್ವತವಾಗಿ ತೆಗೆದಿದ್ದೇವೆ’ ಎಂದಿತು. ನಮ್ಮ ಸಾಮಾನು ಅಪಾಯ, ನಾವೇ ಹೇಳುತ್ತಿದ್ದೇವೆ ಎಂದರೆ, ಏಳು ಕೆಲಸದ ದಿನಗಳಲ್ಲಿ ಪರಿಶೀಲಿಸುತ್ತೇವೆ ಎಂದಿತು.

"ಏಳು ದಿನಾನಾ?" ಟೈಲರಮ್ಮ ಗಂಡನತ್ತ ತಿರುಗಿದಳು. "ಕೆಂಪು ಚೀಟಿ ಹೊರಡಿಸೋಣ."

"ತಲೆ ಕೆಟ್ಟಿದೆಯಾ ನಿನಗೆ? ಅಂಗಡಿನೇ ಹೋಗುತ್ತೆ. ಮತ್ತೆ ತೆರೆಯಕ್ಕಾಗಲ್ಲ."

"ಹೋಗ್ಲಿ."

ಅವನು ಸ್ವಲ್ಪ ಹೊತ್ತು ಗೋಡೆಗೆ ಒರಗಿಸಿದ್ದ ಖಾಲಿ ಡಬ್ಬಗಳನ್ನು ನೋಡಿದ. ಆಮೇಲೆ ತಾನೇ ಫೋನು ಎತ್ತಿ ನೆಂಟರಿಗೆಲ್ಲ ಹೇಳತೊಡಗಿದ. ಹೊಗಳಿದ್ದ ಹನ್ನೆರಡು ಜನರೂ ಈಗ ತೆಗಳಬೇಕು. ಅವನ ಸೋದರತ್ತೆ ಮಾತ್ರ, "ಅವತ್ತು ಚೆನ್ನಾಗಿದೆ ಅಂತ ಬರೆ ಅಂದೆ, ಇವತ್ತು ಕೆಟ್ಟದು ಅಂತ ಬರೆ ಅಂತೀಯ, ಒಂದು ಸಲವಾದ್ರೂ ಡಬ್ಬದೊಳಗೆ ಚೀಲ ಇಟ್ಟು ಕಳಿಸೋ ಮಾರಾಯ" ಎಂದು ರೇಗಿ, ಆಮೇಲೆ ಬರೆದಳು. ಮಧ್ಯಾಹ್ನದ ಹೊತ್ತಿಗೆ ಹನ್ನೆರಡಾಯಿತು. ಇನ್ನೂ ಎಂಟು ಬೇಕು.

ಎಂಟು ಜನ ಇದ್ದದ್ದು ಒಬ್ಬನ ಹತ್ತಿರ. ಪರೀಕ್ಷೆಗೆಂದು ಒಂದ್ಕಮ್ಮಿಯ ಚೀಲವೊಂದನ್ನು ಇವರು ಕೊಂಡಿದ್ದರು. ಕಡುಗೆಂಪು ಚೀಲ, ಇನ್ನೂ ಮೊಳೆಗೆ ನೇತಾಡುತ್ತಿತ್ತು. ಅದರ ಡಬ್ಬದ ಮೇಲಿನ ನಂಬರಿಗೆ ಟೈಲರಮ್ಮ ಫೋನು ಮಾಡಿದಳು. ಅತ್ತ ಹತ್ತಾರು ಮಿಷನ್ನುಗಳ ಗಿರಗಿರ ಸದ್ದು.

"ನಮ್ಮ ಚೀಲಕ್ಕೆ ಹದಿಮೂರು ಜನರ ಕೈಲಿ ಬರೆಸಿದ್ರಲ್ಲ, ನಾನು ಆ ಅಂಗಡಿಯವಳು."

"ಯಾರ್ರೀ ಅದು? ನಾನು ಯಾರ ಕೈಲೂ ಏನೂ ಬರೆಸಿಲ್ಲ."

"ಜಗಳಕ್ಕೆ ಮಾಡಿಲ್ಲ. ಇನ್ನೂ ಎಂಟು ಬರೆಸಿ. ಅಪಾಯ ಅಂತ್ಲೇ ಬರೆಸಿ. ಇವತ್ತೇ."

ಅವನು ನಕ್ಕ. "ಫೋನು ರೆಕಾರ್ಡ್ ಮಾಡ್ಕೊಳ್ತಿದ್ದೀರಾ ಅಮ್ಮಾ? ಈ ಆಟ ನನ್ನ ಹತ್ರ ನಡೆಯಲ್ಲ."

"ನನ್ನ ತಂಗಿ ಮಗು ಇವತ್ತು ಸಾಯೋದ್ರಲ್ಲಿತ್ತು," ಎಂದಳು. ಎಲ್ಲವನ್ನೂ ಹೇಳಿದಳು. ರೀಲು, ಸೇತುವೆ, ನಲವತ್ತು ಮಕ್ಕಳು.

"ನಿಮ್ಮ ಅಂಗಡಿ ಮುಚ್ಚಿಹೋಗುತ್ತೆ, ಗೊತ್ತಲ್ವಾ?"

"ಗೊತ್ತು."

"ಸರಿ, ಬರೆಸ್ತೀನಿ. ನನಗೇನು ನಷ್ಟ." ಫೋನಿಡುವ ಮುನ್ನ ಕೇಳಿದ, "ಯಾವ ರೀಲು ಅಂದ್ರಿ?"

"ಗಿಳಿ ಚಿತ್ರ ಇರೋದು. ಹಳಿ ಆಚೆ ಗೋದಾಮಿಂದು."

ಅವನು ಅತ್ತ ಯಾರಿಗೋ "ನಿಲ್ಸಿ, ಎಲ್ಲ ನಿಲ್ಸಿ" ಎಂದು ಕೂಗಿದ. ಮಿಷನ್ನುಗಳು ಒಂದೊಂದಾಗಿ ನಿಂತವು. ಮತ್ತೆ ಮಾತಾಡಿದಾಗ ಅವನ ದನಿಯಲ್ಲಿದ್ದ ಠೇಂಕಾರ ಪೂರ್ತಿ ಇಳಿದಿತ್ತು.

"ಅಕ್ಕಾ, ನಮಗೂ ಬಂದಿದ್ವು. ಪಟ್ಟಿ ಕಿತ್ತು ಬಂತು ಅಂತ. ತಿಂಗಳಿಡೀ ಬಿಡಿಬಿಡಿಯಾಗಿ ಇಪ್ಪತ್ತಾರು ಬಂದಿದ್ವು. ನೀವು ಬರೆಸಿದ್ದು ಅಂತ ಎಲ್ಲಾನೂ ಅಳಿಸಿಸಿದ್ವಿ."

"ನಾವು ನಿಮಗೆ ಒಂದನ್ನೂ ಬರೆಸಿಲ್ಲ," ಎಂದಳು ಟೈಲರಮ್ಮ. "ನಿಮ್ಮದು ಎಷ್ಟು ಹೋಗಿದೆ?"

"ನಾಲ್ಕು ಸಾವಿರ," ಎಂದ ಒಂದ್ಕಮ್ಮಿ. "ಇಲ್ಲಿ ನೂರು ಜನರ ಹೊಟ್ಟೆಪಾಡಿದೆ ಅಕ್ಕಾ." ಫೋನು ಕಟ್ಟಾಯಿತು.

ಎಂಟು ರಿವ್ಯೂ ಅರ್ಧ ಗಂಟೆಯಲ್ಲಿ ಬಂದವು, ಮಾತಿಗೆ ತಪ್ಪಲಿಲ್ಲ. ತಂಗಿಯ ಫೋನು ಗುಂಯ್‌ಗುಟ್ಟಿತು: ‘ಬಳಸಬೇಡಿ.’ ನಲವತ್ತು ಮನೆಗಳಿಗೂ ಹೋಗಿರಬೇಕು. ಇವರ ಅಂಗಡಿಯ ಪುಟ ಬಿಳಿ ಹಾಳೆಯಾಯಿತು. ಗಂಡ ಟೇಪಿನ ಸುರುಳಿಯನ್ನು ಗೂಡಿಗೆ ಎತ್ತಿಟ್ಟ.

ಒಂದ್ಕಮ್ಮಿಯೂ ತನ್ನ ಚೀಲಕ್ಕೆ ಹೀಗೇ ದೂರು ಬರೆಸಿದ್ದರೆ, ಅದನ್ನು ಕೊಂಡಿದ್ದ ಗಂಡನ ಫೋನಿಗೂ ಕೆಂಪು ಚೀಟಿ ಬರಬೇಕಿತ್ತು. ಇಬ್ಬರೂ ಫೋನನ್ನು ನಡುವೆ ಇಟ್ಟುಕೊಂಡು ಕಾದರು. ಮೂರು ಗಂಟೆಯಾಯಿತು, ನಾಲ್ಕಾಯಿತು, ಬರಲಿಲ್ಲ. ಟೈಲರಮ್ಮ ಕಡುಗೆಂಪು ಚೀಲವನ್ನು ಮೊಳೆಯಿಂದ ಇಳಿಸಿ, ಪಟ್ಟಿಯನ್ನು ಕೈಯಲ್ಲಿ ಹಿಡಿದು ಎಳೆದಳು. ಬಿಚ್ಚಿಕೊಂಡಿತು. ಚಿತ್ರ ತೆಗೆದು, ಒಂದು ಸ್ಟಾರ್ ಒತ್ತಿ, ಕಂಡದ್ದನ್ನು ಕಂಡ ಹಾಗೆ ಬರೆದಳು. ಕೂಡಲೇ ಉತ್ತರ ಬಂತು. ‘ಈ ರಿವ್ಯೂ ಎದುರಾಳಿ ಮಾರಾಟಗಾರರಿಂದ ಬಂದಂತಿದೆ. ತೆಗೆದುಹಾಕಲಾಗಿದೆ.’

ಅವಳು ಎದ್ದು ಕಿಟಕಿಗೆ ಹೋದಳು. ಕೆಳಗೆ ಬಸ್ ನಿಲ್ದಾಣದಲ್ಲಿ ಜನ ನಿಂತಿದ್ದರು. ಅವರ ನಡುವೆ ಒಬ್ಬ ಹೆಂಗಸು, ಎದೆಗೆ ಕಡುಗೆಂಪು ಚೀಲ, ಅದರ ಅಂಚಿನಲ್ಲಿ ಕೂದಲಿಲ್ಲದ ಒಂದು ಪುಟ್ಟ ತಲೆ. ದೂರದಲ್ಲಿ ಬಸ್ಸು ಕಾಣಿಸಿತು. ಹೆಂಗಸು ಹಿಂದೆ ಮುಂದೆ ನೋಡಿ, ನಿಲ್ಲಿಸಲೆಂದು ಎರಡೂ ಕೈ ಎತ್ತಿ ಬೀಸಿದಳು.

ಟೈಲರಮ್ಮ ಬರಿಗಾಲಲ್ಲೇ ಮೆಟ್ಟಿಲಿಳಿದು ಓಡಿದಳು.