ಬಟ್ಟೆಯ ಮೇಲಿನ ಚೂರು

ಅರಸೀಕೆರೆಯ ಧರ್ಮೇಶನ ಗ್ಯಾರೇಜಿನಲ್ಲಿ ಒಂದು ಕಟ್ಟಳೆ. ಎಂಜಿನ್ನಿನೊಳಗೆ ಏನು ಮುರಿದು ಬಿದ್ದರೂ ಚೂರುಗಳನ್ನೆಲ್ಲ ತೆಗೆದು, ಒಡೆದ ಮಡಕೆ ಜೋಡಿಸುವ ಹಾಗೆ ಬಿಳಿ ಬಟ್ಟೆಯ ಮೇಲೆ ಜೋಡಿಸಬೇಕು. ಪೂರ್ತಿ ಆಕಾರ ಬಂದರೆ ಮಾತ್ರ ಎಂಜಿನ್ ಮುಚ್ಚುವುದು. ಒಳ್ಳೆಯ ಕಟ್ಟಳೆಯೇ; ಧರ್ಮೇಶನಂಥವನ ಕೈಗೆ ಸಿಕ್ಕಿದ್ದು ಅದರ ಕರ್ಮ.

ಆ ದಿನ ಅಲ್ಲಿನ ಮೆಕ್ಯಾನಿಕ್ ರವಿಕುಮಾರ, ಅನಂತಸ್ವಾಮಿ ಮೇಷ್ಟರ ಕಾರಿನ ಎಂಜಿನ್ನಿನಿಂದ ಕೆಟ್ಟ ಸೆನ್ಸರ್ ಬಿಚ್ಚುತ್ತಿದ್ದ. ಕಾವಿಗೆ ಕಚ್ಚಿಕೊಂಡಿದ್ದ ಅದು ಪಟ್ಟನೆ ಮುರಿದು, ತುದಿ ಚೂರುಚೂರಾಗಿ ಒಳಗೆ ಉದುರಿತು.

"ಏನ್ಲಾ, ಮುರ್ದಾಕ್ಬುಟ್ಯಾ?" ಧರ್ಮೇಶ ನಕ್ಕ. "ಸಂಜೆ ಒಳ್ಗೆ ಎಲ್ಲಾ ಚೂರೂ ಬಟ್ಟೆ ಮೇಲಿರ್ಬೇಕು. ಇದೊಂದು ನೆಟ್ಟಗೆ ಮಾಡು, ಗಂಡಸಿ ಗ್ಯಾರೇಜು ನಿಂದೇ."

ಗಂಡಸಿಯಲ್ಲಿ ಧರ್ಮೇಶ ಇನ್ನೊಂದು ಗ್ಯಾರೇಜು ತೆರೆಯುವವನಿದ್ದ. ಅದನ್ನು ನೋಡಿಕೊಳ್ಳುವ ಕೆಲಸದ ಮೇಲೆ ರವಿಕುಮಾರನ ಜೀವವೇ ಇತ್ತು. ಹೆಂಡತಿ ರಮಾಳ ತವರೂ ಅದೇ ಊರು. ಅವಳಂತೂ ಆಗಲೇ ಊರಿಗೆಲ್ಲ ಡಂಗುರ ಸಾರಿಬಿಟ್ಟಿದ್ದಳು.

ಕಬ್ಬಿಣದ ತುಣುಕುಗಳು ಆಯಸ್ಕಾಂತದ ಕಡ್ಡಿಗೆ ಅಂಟಿ ಬಂದವು. ಪ್ಲಾಸ್ಟಿಕ್ಕಿನವನ್ನು ತಂತಿಯ ತುದಿಗೆ ಗ್ರೀಸ್ ಮೆತ್ತಿ ಒಂದೊಂದಾಗಿ ಎತ್ತಿ ತಟ್ಟೆಗೆ ಹಾಕಿದ. ಟೀ ಕುಡಿದು ಬಂದು ಬಟ್ಟೆಯ ಮೇಲೆ ಜೋಡಿಸಿದರೆ ನಡುವೆ ಉಗುರಿನಷ್ಟು ಜಾಗ ಖಾಲಿ.

ಮತ್ತೆ ಹುಡುಕಿದ. ಕಾರಿನ ಕೆಳಗೆ ಮಲಗಿ ಆಯಿಲ್ ಇಳಿಸಿ ಹಳೇ ಪಂಚೆಯಲ್ಲಿ ಸೋಸಿದ. ಸಂದಿಗೊಂದಿಗೆಲ್ಲ ಬೆರಳು ತೂರಿಸಿ ಕೈಯೆಲ್ಲ ಕೊಯ್ದುಕೊಂಡ. ಧರ್ಮೇಶ ಕುರ್ಚಿ ಹಾಕಿಕೊಂಡು ನೋಡುತ್ತ ಕೂತ.

"ಸಿಗ್ತೇನ್ಲಾ? ಬುಡ್ಬ್ಯಾಡ, ಒಳ್ಗೇ ಐತೆ. ಎಲ್ಲಿಗೋಯ್ತದೆ?"

ಮಧ್ಯೆ ತಾನೇ ಟೀ ತರಿಸಿಕೊಟ್ಟ. ಇಂಥ ಯಜಮಾನ ಯಾರಿಗೆ ಸಿಗುತ್ತಾನೆ ಎಂದುಕೊಂಡು ರವಿಕುಮಾರನ ಕಣ್ಣು ಒದ್ದೆಯಾಯಿತು. ಪಾಪದವನು.

ಹೊತ್ತು ಇಳಿಯಿತು. ಮೇಷ್ಟರ ಫೋನ್ ಬಂತು. "ನಾಳೆ ಬೆಳಗ್ಗೆ ಮನೆಯವರನ್ನ ಬೇಲೂರಿಗೆ ಕರ್ಕೊಂಡು ಹೋಗ್ಬೇಕು ಕಣಪ್ಪ. ನೀನು ಮಾಡಿದೀಯ ಅಂದ್ರೆ ನಂಗೆ ಧೈರ್ಯ."

ಆ ಚೂರು ಆಯಿಲಿನ ದಾರಿಗೆ ಅಡ್ಡ ಕೂತರೆ ನಡುದಾರಿಯಲ್ಲಿ ಎಂಜಿನ್ ಬಿಗಿದು ನಿಂತುಬಿಡುತ್ತದೆಂದು ರವಿಕುಮಾರನಿಗೆ ಗೊತ್ತಿತ್ತು. ಗಂಡಸಿಯೂ ಕಣ್ಣ ಮುಂದಿತ್ತು. ಗಂಡಸಿ ಗೆದ್ದಿತು. ಗುಜರಿ ಡಬ್ಬಿಯಿಂದ ಹಳೆಯ ಸೆನ್ಸರೊಂದನ್ನು ತೆಗೆದು ಮುರಿದು, ಅರದಲ್ಲಿ ಉಜ್ಜಿ, ಆ ಖಾಲಿ ಜಾಗಕ್ಕೆ ಒಪ್ಪುವ ತುಣುಕು ಮಾಡಿ ಕೂರಿಸಿದ.

"ಸಿಕ್ತಣ್ಣ."

ಧರ್ಮೇಶ ಕೆಲಸದವರನ್ನೆಲ್ಲ ಕರೆದ. ಬಗ್ಗಿ ನೋಡಿ ತಲೆದೂಗಿದ. "ಒಳಗಿಂದಾನೇ ಸಿಕ್ತಾ? ಜೇನುಕಲ್ ಸಿದ್ದೇಶ್ವರನ ಆಣೆಗೂ?"

"ಸಿದ್ದೇಶ್ವರನ ಆಣೆಗೂ ಒಳಗಿಂದಾನೇ ಅಣ್ಣ."

ಧರ್ಮೇಶ ಅಂಗಿಯ ಜೇಬಿಗೆ ಕೈಹಾಕಿದ. ಉಗುರಿನಷ್ಟು ಕರೀ ಚೂರು ತೆಗೆದು, ರವಿಕುಮಾರನ ತುಣುಕನ್ನು ಆಚೆ ತಳ್ಳಿ, ಅದರ ಜಾಗದಲ್ಲಿ ಇಟ್ಟ. ಕೂದಲೂ ತೂರದಂತೆ ಕೂತುಕೊಂಡಿತು.

"ನೀನು ಟೀಗೋದಾಗ ತಟ್ಟೆಯಿಂದ ನಾನೇ ತಗಂಡಿದ್ದೆ ಕಣ್ಲಾ. ದೇವ್ರ ಮೇಲೇ ಸುಳ್ಳು ಆಣೆ ಮಾಡೋನ್ಗೆ ಗ್ಯಾರೇಜು ಒಪ್ಸಕ್ಕಾಯ್ತದಾ? ನೀವೇ ಹೇಳ್ರಪ್ಪ."

ಯಾರೋ ಕಿಸಕ್ಕನೆ ನಕ್ಕರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ರವಿಕುಮಾರನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೂ ತಪ್ಪು ತನ್ನದೇ, ಯಜಮಾನ ಹೇಳಿದ್ದು ನ್ಯಾಯವೇ ಎಂದುಕೊಂಡ.

"ಕೆಲ್ಸದಿಂದೇನೂ ತೆಗಿಯಲ್ಲ, ಎದ್ರಬ್ಯಾಡ. ಓಗು, ಗ್ವಾಡೆಗೆ ಒರಗ್ಸಿರೋ ಬೋರ್ಡು ಆಟೋಗೆ ಹಾಕು. ಗಂಡಸಿಗೋಗ್ಬೇಕು."

ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದ್ದ ಬೋರ್ಡನ್ನು ಅವನು ತಿರುಗಿಸಿದ. ಗ್ಯಾರೇಜಿನ ಹೆಸರಿನ ಕೆಳಗೆ, ನೋಡಿಕೊಳ್ಳುವವರು ಮಂಜುನಾಥ ಎಂದು ಬರೆದಿತ್ತು. ಮಂಜುನಾಥ ಧರ್ಮೇಶನ ಹೆಂಡತಿಯ ತಮ್ಮ. ರವಿಕುಮಾರ ಅಕ್ಷರದ ಮೇಲೆ ಬೆರಳಾಡಿಸಿದ. ಬಣ್ಣ ಎಂದೋ ಒಣಗಿತ್ತು, ಮೇಲೆ ಧೂಳೂ ಕೂತಿತ್ತು.